ಅತ್ತೆಗೆ ಸೊಪ್ಪು ಬಿಡಿಸಿದ ವರ್ಷ

ನಮ್ಮ ಅತ್ತೆಗೆ ಸೊಪ್ಪು ತಿನ್ನುವುದನ್ನು ಬಿಡಿಸಿದವಳು ನಾನು. ವೈದ್ಯರಲ್ಲ, ನನ್ನ ಗಂಡನೂ ಅಲ್ಲ, ನಾನೇ. ಅದರಿಂದ ಆದ ಅನಾಹುತಕ್ಕೂ ನಾನೇ ಕಾರಣ ಎಂದು ಈಗ ನಾಲ್ಕು ಜನರ ಮುಂದೆ ಹೇಳಬಲ್ಲೆ. ಆಗ ಮಾತ್ರ ಹೇಳಬೇಕಾದವರ ಮುಂದೆಯೇ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಅತ್ತೆಯದು ಮಳವಳ್ಳಿ ಕಡೆಯ ಹಳ್ಳಿ. ಮಾವ ಕಾವೇರಿ ದಡದ ಬ್ಲಫ್ ಎಂಬಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದರು. ಮದುವೆಯಾದ ಮೇಲೆ ಅತ್ತೆ ಬಹಳ ವರ್ಷ ಅಲ್ಲಿನ ಕ್ವಾರ್ಟರ್ಸ್‌ನಲ್ಲೇ ಸಂಸಾರ ಮಾಡಿದರು. ಅಲ್ಲಿ ಅಂಗಡಿ ದೂರ, ತರಕಾರಿ ಬರುತ್ತಿದ್ದುದು ಸಂತೆಯ ದಿನ ಮಾತ್ರ. ಆದರೆ ಕಾಲುವೆ ಏರಿ ಹತ್ತಿರವಿತ್ತು. ಬೆಳಿಗ್ಗೆ ಮಾವ ಕೆಲಸಕ್ಕೆ ಹೋದ ಮೇಲೆ ಅತ್ತೆ ಏರಿಯ ಉದ್ದಕ್ಕೂ ನಡೆದು ಮಡಿಲು ತುಂಬ ಬೆರಕೆ ಸೊಪ್ಪು ಕುಯ್ದು ತರುತ್ತಿದ್ದರಂತೆ. ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಕಿರಕಸಾಲೆ, ಹೊನಗೊನ್ನೆ, ಇನ್ನೂ ನನಗೆ ಹೆಸರು ಗೊತ್ತಿಲ್ಲದ ಎಷ್ಟೋ. ಅವರು ಸೊಪ್ಪು ಬೇಯಿಸಿ ಬಸಿದು, ನೀರಿನಲ್ಲಿ ಬಸ್ಸಾರು, ಸೊಪ್ಪಿನಲ್ಲಿ ಪಲ್ಯ ಮಾಡಿದ ದಿನ ಕ್ವಾರ್ಟರ್ಸ್‌ನ ಅಕ್ಕಪಕ್ಕದವರು ಬಟ್ಟಲು ಹಿಡಿದುಕೊಂಡು ಬರುತ್ತಿದ್ದರು ಎಂದು ನನ್ನ ಗಂಡ ಇವತ್ತಿಗೂ ಹೇಳುತ್ತಾನೆ. ನಾನು ಹೊಸದಾಗಿ ಸೊಸೆಯಾಗಿ ಬಂದಾಗ ಅತ್ತೆ ಮೊದಲ ವಾರವೇ ನನ್ನ ಮುಂದೆ ಮೊರದ ತುಂಬ ಸೊಪ್ಪು ಹರವಿ, "ಇದ್ಯಾವ್ದು ಏಳು ನೋಡವ್ವ, ಬಿಎಸ್ಸಿ ಓದಿದ್ದೀಯಲ್ಲ" ಅಂದಿದ್ದರು. ನಾನು ದಂಟು, ಮೆಂತ್ಯ ಎರಡು ಬಿಟ್ಟರೆ ಮೂರನೆಯದನ್ನು ಗುರುತಿಸಲಿಲ್ಲ. ಅವರು ನಕ್ಕರು. ನನಗೆ ಸ್ವಲ್ಪ ಚುಚ್ಚಿತು. ಮದ್ದೂರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರಮ್ಮ ನಾನು.

ಮಾವ ತೀರಿಕೊಂಡ ಮೇಲೆ ಅತ್ತೆ ಹಳ್ಳಿಯ ಮನೆಗೆ ಬಂದು ನನ್ನ ಮೈದುನನ ಜೊತೆ ಇದ್ದರು. ಗಟ್ಟಿ ಹೆಂಗಸು. ಅಂಥವರು ಒಂದು ವರ್ಷ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡತೊಡಗಿದರು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಪರೀಕ್ಷೆ ಮಾಡಿಸಿದಾಗ ಹೃದಯದ ಒಂದು ವಾಲ್ವು ಕುಗ್ಗಿ ಗಟ್ಟಿಯಾಗಿದೆ ಎಂದು ತಿಳಿಯಿತು. ಚಿಕ್ಕಂದಿನಲ್ಲಿ ಕೀಲುನೋವಿನ ಜೊತೆ ಜ್ವರ ಬಂದಿತ್ತಾ ಎಂದು ವೈದ್ಯರು ಕೇಳಿದರು. ಅತ್ತೆ ಯೋಚಿಸಿ, "ಬಂದಿತ್ತು ಬುದ್ಧಿ. ನಮ್ಮವ್ವ ಎತ್ಕೊಂಡೇ ತಿರುಗ್ತಿದ್ಲು" ಅಂದರು. ಐವತ್ತು ವರ್ಷದ ಹಿಂದಿನ ಜ್ವರ ಅಷ್ಟು ಕಾಲ ಎದೆಯೊಳಗೆ ಸುಮ್ಮನೆ ಕೆಲಸ ಮಾಡಿಕೊಂಡಿತ್ತು.

ಮೈಸೂರಿನಲ್ಲಿ ಆಪರೇಷನ್ ಆಯಿತು. ಕೆಟ್ಟ ವಾಲ್ವು ತೆಗೆದು ಲೋಹದ್ದೊಂದನ್ನು ಕೂರಿಸಿದರು. ಮನೆಯಲ್ಲಿ ಸದ್ದಿಲ್ಲದ ಹೊತ್ತಿನಲ್ಲಿ ಅತ್ತೆಯ ಪಕ್ಕ ಕೂತರೆ ಅದರ ಸದ್ದು ಸಣ್ಣದಾಗಿ, ಕೈಗಡಿಯಾರದ ಹಾಗೆ ಕೇಳಿಸುತ್ತಿತ್ತು. ಆಗ ನಾಲ್ಕನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಅಜ್ಜಿಯ ಎದೆಗೆ ಕಿವಿಯಿಟ್ಟು ಎಣಿಸುತ್ತಿದ್ದಳು.

ಲೋಹದ ವಾಲ್ವಿನ ಮೇಲೆ ರಕ್ತ ಗರಣೆ ಕಟ್ಟಬಾರದು. ಕಟ್ಟಿದರೆ ವಾಲ್ವು ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಆ ತುಣುಕು ಮೆದುಳಿಗೆ ಹೋಗಿ ಲಕ್ವ ಹೊಡೆಯುತ್ತದೆ. ಅದಕ್ಕಾಗಿ ಜೀವನಪೂರ್ತಿ ರಕ್ತ ತೆಳುವಾಗುವ ಮಾತ್ರೆ, ದಿನಾ ಸಂಜೆ ಒಂದೇ ಹೊತ್ತಿಗೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಆ ಪರೀಕ್ಷೆಯಲ್ಲಿ ಒಂದು ಅಂಕಿ ಬರುತ್ತದೆ, ಅದು ಎರಡೂವರೆಯಿಂದ ಮೂರೂವರೆಯ ಒಳಗಿರಬೇಕು. ಕಮ್ಮಿಯಾದರೆ ರಕ್ತ ಹೆಪ್ಪುಗಟ್ಟುವ ಭಯ, ಜಾಸ್ತಿಯಾದರೆ ಸೋರುವ ಭಯ. ಪರೀಕ್ಷೆಗೆ ಮಂಡ್ಯ ಹತ್ತಿರವಾಗುತ್ತದೆಂದು ಅತ್ತೆಯನ್ನು ಮದ್ದೂರಿನ ನಮ್ಮ ಮನೆಗೇ ಕರೆದುಕೊಂಡು ಬಂದೆವು.

ಡಿಸ್ಚಾರ್ಜ್ ಮಾಡುವಾಗ ಕೊಟ್ಟ ಹಾಳೆಯಲ್ಲಿ ಹತ್ತಾರು ಸಾಲುಗಳಿದ್ದವು. ಅದರಲ್ಲೊಂದು, ಹಸಿರು ಸೊಪ್ಪು ತಿನ್ನುವ ವಿಷಯದಲ್ಲಿ ಎಚ್ಚರವಿರಲಿ ಎಂಬುದು. ನಾನು ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದೆ. ಎಚ್ಚರ ಅಂದರೆ ಏನೆಂದು ಯಾರನ್ನೂ ಕೇಳಲಿಲ್ಲ. ಯಾಕೆ ಕೇಳಬೇಕು? ವಿಟಮಿನ್‌ಗಳ ಪಾಠ ನಾನೇ ಮಾಡುವುದಲ್ಲವೇ. ಪಟ್ಟಿಯಲ್ಲಿ ಕಟ್ಟಕಡೆಗೆ ಬರುವುದು ಕೆ. ಎ ಕಣ್ಣಿಗೆ, ಸಿ ಒಸಡಿಗೆ, ಡಿ ಮೂಳೆಗೆ ಎಂದು ಮಕ್ಕಳು ರಾಗವಾಗಿ ಹೇಳಿ, ಕೆ ಬರುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕು, ಸೊಪ್ಪಿನಲ್ಲಿ ಇರುತ್ತದೆ. ನಾನು ಬೋರ್ಡಿನ ಮೇಲೆ ಬರೆದದ್ದೂ ಅಷ್ಟೇ, ನನಗೆ ಗೊತ್ತಿದ್ದದ್ದೂ ಅಷ್ಟೇ. ಮಾತ್ರೆ ಹೆಪ್ಪುಗಟ್ಟಬಾರದು ಎನ್ನುತ್ತದೆ, ಸೊಪ್ಪು ಹೆಪ್ಪುಗಟ್ಟಿಸುತ್ತದೆ. ಹಾಗಾದರೆ ಸೊಪ್ಪು ಬಂದ್. ನನ್ನ ಲೆಕ್ಕ ನನಗೆ ಸರಿಯಾಗಿಯೇ ಕಾಣುತ್ತಿತ್ತು.

"ಬಂದ್ ಅಂದ್ರೆ?" ಅತ್ತೆ ಕೇಳಿದರು.

"ಯಾವ ಸೊಪ್ಪೂ ಬೇಡ ಅತ್ತೆ. ದಂಟು, ಮೆಂತ್ಯ, ನುಗ್ಗೆ ಸೊಪ್ಪು, ಯಾವುದೂ."

"ಎಷ್ಟ್ ದಿನ?"

"ಇನ್ನು ಮೇಲೆ ಬೇಡವೇ ಬೇಡ."

 "ಇಟ್ಟಿಗೆ ನೆಂಚ್ಕಳಕ್ಕೆ ಏನ್ ಮಗಾ ಮತ್ತೆ?" ಅಂದರು. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೇಳುವುದು, ಅತ್ತೆಯ ಬಾಯಲ್ಲಿ ಅದು ಇಟ್ಟು.

ಬೇಳೆ ಸಾರು ಇದೆ, ಹುರುಳಿ ಸಾರು ಇದೆ, ಬದನೆಕಾಯಿ, ಮೂಲಂಗಿ ಇದೆ ಎಂದು ನಾನು ಪಟ್ಟಿ ಒಪ್ಪಿಸಿದೆ. ಅಡುಗೆಮನೆ ಪೂರ್ತಿ ನನ್ನ ಕೈಗೆ ಬಂತು. ತಳ್ಳುಗಾಡಿಯವನು ಬೀದಿಯಲ್ಲಿ ಸೊಪ್ಪು ಕೂಗುತ್ತ ಬಂದರೆ ನಾನೇ ಮೊದಲು ಬಾಗಿಲಿಗೆ ಹೋಗಿ ಬೇಡ ಎಂದು ಕೈಯಾಡಿಸುತ್ತಿದ್ದೆ. ಸಾರಿಗೆ ಹಾಕುವ ಕೊತ್ತಂಬರಿ ಸೊಪ್ಪನ್ನೂ ನಿಲ್ಲಿಸಿದೆ. ಅತ್ತೆ ಜಗಳ ಆಡಲಿಲ್ಲ. ತಟ್ಟೆಯ ಮುಂದೆ ಕೂತು ಅರ್ಧ ಮುದ್ದೆ ನುಂಗಿ ಕೈ ತೊಳೆದುಕೊಳ್ಳುತ್ತಿದ್ದರು. ಅವರ ಮೌನವನ್ನು ನಾನು ಒಪ್ಪಿಗೆ ಎಂದುಕೊಂಡೆ.

ಆದರೆ ತಿಂಗಳು ತಿಂಗಳೂ ಪರೀಕ್ಷೆಯ ಅಂಕಿ ಕಮ್ಮಿಯೇ ಬರುತ್ತಿತ್ತು. ಒಮ್ಮೆ ಎರಡು, ಒಮ್ಮೆ ಒಂದೂವರೆ. ಮಂಡ್ಯದ ವೈದ್ಯರು ಮಾತ್ರೆಯ ಪ್ರಮಾಣ ಸ್ವಲ್ಪ ಸ್ವಲ್ಪವೇ ಏರಿಸಿದರು. ಮಾತ್ರೆ ತಪ್ಪಿಸುತ್ತಿದ್ದಾರಾ ಎಂದು ಕೇಳಿದರು. ಇಲ್ಲ ಸಾರ್, ನಾನೇ ಎದುರಿಗೆ ನಿಂತು ನುಂಗಿಸುತ್ತೇನೆ ಎಂದೆ. ಸೊಪ್ಪು ಗಿಪ್ಪು ಜಾಸ್ತಿ ತಿನ್ನುತ್ತಾರಾ ಎಂದರು.

"ನಮ್ಮ ಮನೆಗೆ ಸೊಪ್ಪು ಬಂದು ನಾಲ್ಕು ತಿಂಗಳಾಯಿತು ಸಾರ್," ಎಂದೆ ಹೆಮ್ಮೆಯಿಂದ. ಪಕ್ಕದ ಕುರ್ಚಿಯಲ್ಲಿ ಅತ್ತೆ ಸೆರಗಿನ ತುದಿ ಸುತ್ತುತ್ತ ನೆಲ ನೋಡುತ್ತಿದ್ದರು. ವೈದ್ಯರು ನನ್ನನ್ನು ಕೇಳಿದರು, ನಾನು ಉತ್ತರ ಕೊಟ್ಟೆ. ಅತ್ತೆಯನ್ನು ಕೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಒಂದು ದಿನ ಶಾಲೆಯಲ್ಲಿ ಯಾವುದೋ ಸಭೆಯೆಂದು ಮಧ್ಯಾಹ್ನವೇ ಬಿಟ್ಟರು. ಮನೆಗೆ ಬಂದರೆ ಬೀಗ. ಎದುರು ಮನೆಯ ಬಾಗಿಲು ಅರ್ಧ ತೆರೆದಿತ್ತು. ಆ ಮನೆಯಾಕೆಯ ತವರೂ ಮಳವಳ್ಳಿ ಕಡೆಯದೇ. ಅತ್ತೆಯನ್ನು ದೊಡ್ಡವ್ವ ಎಂದು ಕರೆಯುತ್ತಿದ್ದಳು. ಬೀಗದ ಕೈ ಅಲ್ಲಿರಬಹುದೆಂದು ಒಳಗೆ ಕಾಲಿಟ್ಟೆ.

ನಡುಮನೆಯ ನೆಲದ ಮೇಲೆ ಅತ್ತೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದರು. ಮುಂದಿನ ತಟ್ಟೆಯಲ್ಲಿ ಮುದ್ದೆ, ಅದರ ಸುತ್ತ ಹಸಿರು ಮಸ್ಸೊಪ್ಪು, ಪಕ್ಕದಲ್ಲಿ ಒಗ್ಗರಣೆ ಹಾಕಿದ ನುಗ್ಗೆ ಸೊಪ್ಪಿನ ಪಲ್ಯ. ಮುಖದಲ್ಲಿ, ನಾಲ್ಕು ತಿಂಗಳಿಂದ ನಮ್ಮ ಮನೆಯಲ್ಲಿ ನಾನು ಕಾಣದಿದ್ದ ಒಂದು ಗೆಲುವು. ಎದುರು ಮನೆಯಾಕೆ ಸೌಟು ಹಿಡಿದು ನಿಂತು ಏನೋ ಹೇಳಿ ನಗುತ್ತಿದ್ದಳು. ನನ್ನನ್ನು ನೋಡಿ ಇಬ್ಬರ ನಗುವೂ ನಿಂತಿತು.

"ಎಷ್ಟು ದಿನದಿಂದ ನಡೀತಿದೆ ಇದು?" ಎಂದೆ.

"ದಿನಾ ಏನಿಲ್ಲ ಕಣಕ್ಕ," ಎದುರು ಮನೆಯಾಕೆ ತಡವರಿಸಿದಳು. "ವಾರಕ್ಕೆ ನಾಕ್ ದಿನ, ಐದ್ ದಿನ... ಅಲ್ಲಿ ಉಣ್ಣದೇ ಇಲ್ಲ ಅಂತಾರೆ. ಒಟ್ಟೆ ಕಟ್ಕೊಂಡು ಎಂಗಿರ್ತಾರೆ?"

"ಅವಳ್ನ ಬೈಬೇಡ ಮಗಾ. ನಾನೇ ಮಾಡ್ಸದು," ಅಂದರು ಅತ್ತೆ.

ನಾನು ಇಬ್ಬರನ್ನೂ ಬೈದೆ. ಎದೆ ಸೀಳಿ ಹೊಲಿದಿದ್ದಾರೆ, ನಿಮಗೆ ನಾಲಗೆಯೇ ಹೆಚ್ಚಾಯಿತಾ ಎಂದೆ. ವೈದ್ಯರ ಮುಂದೆ ನನ್ನನ್ನು ಸುಳ್ಳಿ ಮಾಡಿದಿರಿ ಎಂದೆ. ನಿಜ ಹೇಳಬೇಕೆಂದರೆ ಆ ಕೊನೆಯ ಮಾತೇ ನನ್ನ ಸಿಟ್ಟಿನ ಬುಡ. ಅತ್ತೆ ಎದ್ದು ಕೈ ತೊಳೆದು ನನ್ನ ಹಿಂದೆ ಮನೆಗೆ ಬಂದರು. ಸಂಜೆ ಮಗಳು ಶಾಲೆಯಿಂದ ಬಂದ ಮೇಲೆ ನಾನು ಇನ್ನೊಂದು ಕೆಲಸ ಮಾಡಿದೆ. ಮಗಳನ್ನು ಅತ್ತೆಯ ಮುಂದೆ ನಿಲ್ಲಿಸಿ, "ಇವಳ ತಲೆ ಮುಟ್ಟಿ ಆಣೆ ಮಾಡಿ ಅತ್ತೆ, ಇನ್ನು ಸೊಪ್ಪು ಮುಟ್ಟಲ್ಲ ಅಂತ," ಎಂದೆ.

ವಿಜ್ಞಾನ ಓದಿದವಳು ನಾನು, ಆಣೆಯನ್ನು ನಂಬುವವಳಲ್ಲ. ಆದರೆ ಅತ್ತೆ ನಂಬುತ್ತಾರೆಂದು ಗೊತ್ತಿತ್ತು. ಅದನ್ನೇ ಹಿಡಿದುಕೊಂಡೆ. ಅತ್ತೆ ನನ್ನನ್ನೊಮ್ಮೆ ನೋಡಿದರು. ಅವರ ಕೈ ಮಗಳ ತಲೆಯ ಹತ್ತಿರ ಹೋಗಿ ಸ್ವಲ್ಪ ತಡೆಯಿತು. ಆಮೇಲೆ ಮುಟ್ಟಿದರು.

"ಆಯ್ತು ಬುಡವ್ವ. ಮುಟ್ಟಲ್ಲ," ಅಂದರು.

ಆ ಮಾತಿಗೆ ಅವರು ತಪ್ಪಲಿಲ್ಲ. ತಪ್ಪಿದ್ದರೇ ಚೆನ್ನಾಗಿತ್ತು.

ಯಾಕೆಂದರೆ ನಾನು ಮಾಡಬೇಕಾಗಿದ್ದ ಒಂದು ಕೆಲಸ ಬಾಕಿ ಉಳಿದಿತ್ತು. ಮರುದಿನವೇ ಮಂಡ್ಯಕ್ಕೆ ಫೋನ್ ಮಾಡಿ, ಸಾರ್, ಇಷ್ಟು ತಿಂಗಳೂ ಇವರು ಸೊಪ್ಪು ತಿನ್ನುತ್ತಿದ್ದರು, ಇವತ್ತಿಂದ ನಿಲ್ಲಿಸಿದ್ದಾರೆ ಎಂದು ಹೇಳಬೇಕಿತ್ತು. ಫೋನ್ ಕೈಗೆತ್ತಿಕೊಂಡಿದ್ದೆ. ಆದರೆ ನಾಲ್ಕು ತಿಂಗಳಾಯಿತು ಸಾರ್ ಎಂದು ಅಷ್ಟು ಜೋರಾಗಿ ಹೇಳಿದ್ದು ನೆನಪಾಗಿ ನಾಚಿಕೆಯಾಯಿತು. ಹೇಗೂ ಮುಂದಿನ ಪರೀಕ್ಷೆಗೆ ಮೂರು ವಾರವಿದೆ, ಈಗ ಸೊಪ್ಪು ನಿಂತಿದೆಯಲ್ಲ, ಇನ್ನು ಎಲ್ಲ ಸರಿಹೋಗುತ್ತದೆ ಎಂದು ಫೋನ್ ಕೆಳಗಿಟ್ಟೆ.

ನನಗೆ ಹೊಳೆಯದೇ ಹೋದದ್ದು ಇಷ್ಟು. ವೈದ್ಯರು ಮಾತ್ರೆಯನ್ನು ಏರಿಸುತ್ತ ಹೋದದ್ದು ಆ ಸೊಪ್ಪಿಗೆ ಸರಿಯಾಗಿಯೇ. ಎದುರು ಮನೆಯ ಮಸ್ಸೊಪ್ಪು ಒಂದು ಕಡೆ ಎಳೆಯುತ್ತಿತ್ತು, ಏರಿದ ಮಾತ್ರೆ ಇನ್ನೊಂದು ಕಡೆ ಎಳೆಯುತ್ತಿತ್ತು. ನಾನು ಒಂದು ಕಡೆಯ ಹಗ್ಗವನ್ನು ಪೂರ್ತಿ ಬಿಡಿಸಿಬಿಟ್ಟಿದ್ದೆ.

ಎರಡು ವಾರವಾಗಿರಬಹುದು. ಅತ್ತೆ ಬೆಳಿಗ್ಗೆ ಹಲ್ಲುಜ್ಜುವಾಗ ಬಚ್ಚಲಲ್ಲಿ ಹೆಚ್ಚು ಹೊತ್ತು ನೀರು ಬಿಡುತ್ತಿದ್ದರು. ತೋಳು ಮುಚ್ಚುವ ಹಾಗೆ ಸೆರಗು ಹೊದೆಯುತ್ತಿದ್ದರು. ಊಟ ಮೊದಲಿನದರಲ್ಲಿ ಕಾಲು ಭಾಗಕ್ಕೆ ಇಳಿದಿತ್ತು. ಇದೆಲ್ಲ ಕಣ್ಣಿಗೆ ಬಿದ್ದಿದ್ದರೂ ನಾನು ಅದನ್ನು ಮುನಿಸು ಎಂದುಕೊಂಡೆ. ಒಂದು ಭಾನುವಾರ ಬೆಳಿಗ್ಗೆ ಮಗಳು, "ಅಮ್ಮಾ, ಅಜ್ಜಿ ಮೂಗಲ್ಲಿ ರಕ್ತ!" ಎಂದು ಕೂಗಿದಳು. ಓಡಿಹೋದೆ. ಅತ್ತೆ ಜಗಲಿಯ ಮೇಲೆ ಮುಂದಕ್ಕೆ ಬಾಗಿ ಕೂತಿದ್ದರು. ಸೆರಗು ನೆನೆದಿತ್ತು. ಮೂಗು ಒತ್ತಿ ಹಿಡಿದೆ, ತಣ್ಣೀರು ಬಟ್ಟೆ ಇಟ್ಟೆ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ನಿಲ್ಲಲಿಲ್ಲ. ಸೆರಗು ಸರಿದಾಗ ತೋಳಿನ ಮೇಲೆ ನೇರಳೆ ಹಣ್ಣು ಜಜ್ಜಿದ ಹಾಗೆ ಕಲೆಗಳು ಕಂಡವು. ಎಲ್ಲಿಗೂ ತಗುಲಿಸಿಕೊಂಡಿರಲಿಲ್ಲ. ಸುಮ್ಮನೆ ಎದ್ದಿದ್ದವು.

"ಯಾವಾಗಿಂದ ಅತ್ತೆ ಇದು?"

"ನಾಕೈದ್ ದಿನಾಯ್ತು. ಅಲ್ಲುಜ್ಜುವಾಗ್ಲೂ ಬತ್ತಿತ್ತು."

"ಯಾಕೆ ಹೇಳಲಿಲ್ಲ?"

ಅವರು ಬಟ್ಟೆಯನ್ನು ಮತ್ತೆ ಮೂಗಿಗೆ ಒತ್ತಿಕೊಂಡರು. ಮತ್ತೆ ಬೈಸಿಕೊಳ್ಳುವ ಶಕ್ತಿ ಇರಲಿಲ್ಲವೆಂದು ಆಮೇಲೆ ಎದುರು ಮನೆಯಾಕೆಯ ಹತ್ತಿರ ಹೇಳಿದ್ದರಂತೆ.

ನನ್ನ ಗಂಡ ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿಯಲ್ಲಿದ್ದ. ಫೋನ್ ಮಾಡಿದೆ. ದಾರಿಯಲ್ಲೇ ಸಿಗುತ್ತೇನೆ, ನೀನು ಹೊರಡು ಎಂದ. ಎದುರು ಮನೆಯಾಕೆ ಗಂಡನನ್ನು ಎಬ್ಬಿಸಿ ಅವರ ಕಾರು ತೆಗೆಸಿದಳು. ನಾನು ಅಷ್ಟು ಬೈದಿದ್ದರೂ ಹಳೆಯ ಸೀರೆಗಳನ್ನು ಹರಿದು ಮಡಚಿ ನನ್ನ ಮಡಿಲಿಗೆ ತುಂಬಿ, ತಾನೂ ಹತ್ತಿ ಕೂತಳು. ಗೆಜ್ಜಲಗೆರೆಯಲ್ಲಿ ನನ್ನ ಗಂಡ ಬೈಕು ನಿಲ್ಲಿಸಿ ಕಾರು ಹತ್ತಿದ. ಅವ್ವನ ಮುಖವನ್ನೇ ನೋಡುತ್ತ ಕೂತ.

"ಯಾಕ್ಲಾ ಅಂಗ್ ನೋಡ್ತೀಯ? ಏನೂ ಆಗಿಲ್ಲ ಕಣ್ಲಾ," ಅಂದರು ಅತ್ತೆ, ಮೂಗಿಗೆ ಬಟ್ಟೆ ಒತ್ತಿಕೊಂಡೇ. "ಕೆಲ್ಸ ಬುಟ್ಬುಟ್ಟು ಬಂದ್ಯಾ?"

ಮಂಡ್ಯದ ಆಸ್ಪತ್ರೆಯಲ್ಲಿ ಒಬ್ಬರು ಯುವ ವೈದ್ಯೆ ಇದ್ದರು. ಮೂಗಿಗೆ ಹತ್ತಿ ತುರುಕಿದರು, ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಅಂಕಿ ಎಂಟು ದಾಟಿತ್ತು. ಅವರು ನನ್ನನ್ನು ಪಕ್ಕಕ್ಕೆ ಕರೆದು, ಇತ್ತೀಚೆಗೆ ಏನು ಬದಲಾಯಿತು ಎಂದು ಕೇಳಿದರು. ಹೊಸ ಮಾತ್ರೆ ಏನಾದರೂ? ಜ್ವರ? ಊಟದಲ್ಲಿ?

ಆಗ ಎಲ್ಲವನ್ನೂ ಹೇಳಿದೆ. ಹಾಳೆಯ ಮೇಲಿನ ಕೆಂಪು ಗೆರೆ, ಎದುರು ಮನೆ, ನಾನು ಗೊತ್ತಿಲ್ಲದೆ ಹೇಳಿದ ಸುಳ್ಳು, ಆಣೆ, ಮಾಡದ ಫೋನು. ಹೇಳುತ್ತ ಅತ್ತುಬಿಟ್ಟೆ. ನಾಲ್ಕು ಜನ ನೋಡುತ್ತಿದ್ದರು. ವೈದ್ಯೆ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ಈಗ ಹೇಳಿದಿರಲ್ಲ, ಸಾಕು. ಕಾರಣ ಗೊತ್ತಾಯ್ತು," ಎಂದು ನರ್ಸಿಗೆ ಏನೋ ಬರೆದುಕೊಟ್ಟರು.

ನರ್ಸು ಸಣ್ಣ ಗಾಜಿನ ಶೀಷೆ ತಂದು, ಅದರಲ್ಲಿದ್ದ ಹಳದಿ ದ್ರವವನ್ನು ಸಿರಿಂಜಿಗೆ ಎಳೆದು, ಸಲೈನಿಗೆ ಬೆರೆಸಿ, ನಿಧಾನವಾಗಿ ಹನಿಯಲು ಬಿಟ್ಟಳು. ಅದೇನು ಎಂದು ಕೇಳಿದೆ.

"ವಿಟಮಿನ್ ಕೆ ಮೇಡಂ. ಹೆರಿಗೆ ವಾರ್ಡಿನಲ್ಲಿ ಹುಟ್ಟಿದ ಪ್ರತಿ ಕೂಸಿಗೂ ತೊಡೆಗೆ ಇದನ್ನೇ ಕೊಡೋದು. ಹುಟ್ಟುವಾಗ ಅವಕ್ಕೆ ಇದು ತುಂಬ ಕಮ್ಮಿ ಇರುತ್ತಲ್ಲ, ತಲೆಯೊಳಗೆ ರಕ್ತ ಸೋರಿಬಿಟ್ಟರೆ ಕಷ್ಟ ಅಂತ."

ನನ್ನ ಮಗಳು ಹುಟ್ಟಿದ ಗಳಿಗೆಯಲ್ಲಿ ಅವಳ ತೊಡೆಗೆ ಏನೋ ಚುಚ್ಚಿದ್ದು, ಅವಳು ಕಿರುಚಿದ್ದು ನೆನಪಿತ್ತು. ಅದು ಏನೆಂದು ನಾನು ಕೇಳಿರಲೇ ಇಲ್ಲ. ಎಷ್ಟೋ ವರ್ಷ ಮಕ್ಕಳಿಗೆ ಒಂದು ಅಂಕದ ಪ್ರಶ್ನೆಯಾಗಿ ಕೊಟ್ಟ ವಸ್ತು ಈಗ ನನ್ನ ಕಣ್ಣೆದುರು ಹನಿ ಹನಿಯಾಗಿ ಇಳಿಯುತ್ತಿತ್ತು.

ಅತ್ತೆ ಮಲಗಿದ್ದಲ್ಲಿಂದಲೇ ಕೇಳಿಸಿಕೊಳ್ಳುತ್ತಿದ್ದರು. "ಏನವ್ವ ಅದು? ಸೊಪ್ಪಲ್ಲಿರದೇಯ?" ಎಂದು ನರ್ಸನ್ನು ಕೇಳಿದರು.

"ಹೂಂ ಅಜ್ಜಿ, ಅದೇ."

"ಬಾಯಿಗೆ ಬ್ಯಾಡ ಅಂದದ್ನ ಈಗ ನರಕ್ಕೆ ಬುಡ್ತಾವ್ರೆ ನೋಡು," ಅಂದರು. ಮೂಗಿನ ತುಂಬ ಹತ್ತಿ ಇದ್ದುದರಿಂದ ದನಿ ಗುಂಯ್ ಎನ್ನುತ್ತಿತ್ತು. ನರ್ಸು ನಕ್ಕಳು, ಎದುರು ಮನೆಯಾಕೆ ನಕ್ಕಳು, ನನ್ನ ಗಂಡನೂ ನಕ್ಕ. ನಾನೊಬ್ಬಳು ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಂತೆ.

ಮಧ್ಯಾಹ್ನದ ಹೊತ್ತಿಗೆ ರಕ್ತ ನಿಂತಿತ್ತು. ಮರುದಿನ ಅಂಕಿ ನಾಲ್ಕಕ್ಕಿಂತ ಕೆಳಗೆ ಬಂತು. ಕೆ ಹೆಚ್ಚು ಕೊಟ್ಟರೆ ವಾಲ್ವಿನ ಮೇಲೆ ರಕ್ತ ಕಟ್ಟೀತೆಂದು ಸ್ವಲ್ಪವೇ ಕೊಟ್ಟು ಮೂರು ದಿನ ಇರಿಸಿಕೊಂಡರು. ಬಿಡುವಿನಲ್ಲಿ ವೈದ್ಯೆ ಮಂಚದ ಪಕ್ಕ ಕೂತು, ಈ ಸಲ ಅತ್ತೆಯ ಮುಖ ನೋಡಿ ಮಾತಾಡಿದರು.

"ಅಜ್ಜಿ, ರಕ್ತ ಹೆಪ್ಪುಗಟ್ಟಿಸೋ ಸಾಮಾನನ್ನ ಈಲಿ, ಅಂದ್ರೆ ಲಿವರ್, ತಯಾರು ಮಾಡುತ್ತೆ. ಅದಕ್ಕೆ ಈ ಕೆ ಬೇಕು. ನಿಮ್ಮ ಮಾತ್ರೆ ಕೆಗೆ ಅಡ್ಡ ನಿಲ್ಲುತ್ತೆ. ಎಷ್ಟು ಅಡ್ಡ ನಿಲ್ಲಬೇಕು ಅನ್ನೋದು ನೀವು ಎಷ್ಟು ಸೊಪ್ಪು ತಿಂತೀರಿ ಅನ್ನೋದರ ಮೇಲೆ. ತಿನ್ನಬೇಡಿ ಅಂತ ನಾನು ಹೇಳಲ್ಲ. ಒಂದಿನ ಬುಟ್ಟಿ ತುಂಬ ತಿಂದು ಹತ್ತು ದಿನ ಬಿಟ್ಟರೆ ಕಷ್ಟ. ದಿನಾ ಹೆಚ್ಚುಕಮ್ಮಿ ಒಂದೇ ಅಳತೆ ತಿನ್ನಿ. ಆ ಅಳತೆಗೆ ಮಾತ್ರೆಯನ್ನ ನಾವು ಹೊಂದಿಸ್ತೀವಿ."

"ಬಸ್ಸಾರು?" ಎಂದು ನಾನು ಕೇಳಿದೆ. "ಸೊಪ್ಪು ಬೇಯಿಸಿ ನೀರು ಬಸಿದರೆ ಹೋಗುತ್ತಾ?"

"ನೀರಿಗೆ ಹೋಗೋದಲ್ಲ ಅದು, ಎಣ್ಣೆಯಲ್ಲಿ ಕರಗೋದು. ಸೊಪ್ಪಿನಲ್ಲೇ ಉಳಿಯುತ್ತೆ. ಪಲ್ಯ ಎಷ್ಟು ತಿಂದರು ಅಂತ ನೋಡಿ."

ಅತ್ತೆ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದರು. ನಾನು ಇಲ್ಲಿಗೆ ಮುಗಿಯಿತೆಂದುಕೊಂಡೆ. ಮನೆಗೆ ಬಂದ ದಿನ ದಂಟಿನ ಸೊಪ್ಪು ತಂದು, ನಾನೇ ಸೋಸಿ, ಬಸ್ಸಾರು ಮಾಡಿ ತಟ್ಟೆ ಇಟ್ಟೆ. ಅತ್ತೆ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿದರು.

"ಡಾಕ್ಟ್ರು ಹೇಳಿದರಲ್ಲ ಅತ್ತೆ, ತಿನ್ನಿ."

"ಡಾಕ್ಟ್ರಮ್ಮ ಏಳವ್ರೆ, ದಿಟ. ನಾನು ಕೂಸಿನ್ ತಲೆ ಮುಟ್ಟಿವ್ನಿ ಕಣವ್ವ."

"ಅದು ನಾನು ಸಿಟ್ಟಲ್ಲಿ ಮಾಡಿಸಿದ್ದು. ಬಿಟ್ಟುಬಿಡಿ."

"ಮಾಡ್ಸಿದ್ದು ನೀನು. ಮಾಡಿದ್ದು ನಾನು. ಅವಳ್ಗೆ ಏನಾರ ಆದ್ರೆ?"

ಎಷ್ಟು ಹೇಳಿದರೂ ಕೇಳಲಿಲ್ಲ. ಮಾತ್ರೆ ನಡೆಯುತ್ತಿದೆ, ಸೊಪ್ಪು ಹೊಟ್ಟೆಗೆ ಹೋಗುತ್ತಿಲ್ಲ. ವೈದ್ಯೆಗೆ ಫೋನ್ ಮಾಡಿದೆ, ಈ ಸಲ ತಡಮಾಡದೆ. ಅವರು ಆ ವಾರದ ಮಾತ್ರೆ ತಗ್ಗಿಸಿ, "ಆಣೆಗೆ ನನ್ನ ಹತ್ತಿರ ಔಷಧಿ ಇಲ್ಲ ಮೇಡಂ, ನೀವೇ ಏನಾದರೂ ಮಾಡಿ," ಎಂದು ನಕ್ಕರು.

ಮಾಡಿದ್ದು ನನ್ನ ಗಂಡ. "ಮುತ್ತತ್ತಿಗೆ ಓಗಿ ಆಣೆ ಬಿಡಿಸ್ಕೊಂಡ್ ಬರದಾ ಅವ್ವ?" ಎಂದ. ಅತ್ತೆ ಮನೆದೇವರಿಗಿಂತ ಹೆಚ್ಚಾಗಿ ನಡೆದುಕೊಳ್ಳುತ್ತಿದ್ದುದು ಮುತ್ತತ್ತಿಯ ಆಂಜನೇಯನಿಗೆ. ಅವರ ಮುಖ ಸಡಿಲಾಯಿತು. "ಓಗದಾದ್ರೆ ಎಲ್ರೂ ಓಗ್ಬೇಕು. ಇವ್ಳೂ ಬರ್ಬೇಕು," ಎಂದು ನನ್ನ ಕಡೆ ಕೈ ತೋರಿಸಿದರು.

ಮುಂದಿನ ಶನಿವಾರ ಹಲಗೂರಿನ ಮೇಲೆ ಮುತ್ತತ್ತಿಗೆ ಹೋದೆವು. ಎದುರು ಮನೆಯಾಕೆಯನ್ನೂ ಕರೆದೆ. ಕಾಡಿನ ದಾರಿ ಮುಗಿದು ಕಾವೇರಿ ಕಾಣಿಸಿತು. ದಡದಲ್ಲಿ ಅಡುಗೆ ಮಾಡಿಕೊಳ್ಳುವವರು, ನೀರಾಟ ಆಡುವವರು, ಬಿಸ್ಕತ್ತು ಕಿತ್ತುಕೊಳ್ಳುವ ಕೋತಿಗಳು, ಎಲ್ಲ ಗದ್ದಲ. ಅತ್ತೆಯನ್ನು ಹೊಳೆಗೆ ಇಳಿಯಲು ಬಿಡಲಿಲ್ಲ. ದಡದಲ್ಲೇ ಚೊಂಬಿನಲ್ಲಿ ನೀರು ತಂದು ಕಾಲಿಗೆ ಹಾಕಿದೆ. ಗುಡಿಯಲ್ಲಿ ಅತ್ತೆ ಪೂಜಾರಿಗೆ ನಡೆದದ್ದನ್ನೆಲ್ಲ ಒಂದು ಮಾತೂ ಬಿಡದೆ ಹೇಳಿದರು. ಪೂಜಾರಿ ಕೇಳಿಸಿಕೊಂಡು, "ಆಣೆ ಹಾಕ್ಸಿದವರು ಯಾರು?" ಎಂದರು.

ನಾನು ಮುಂದೆ ಬಂದೆ.

"ಬಿಟ್ಟಿದ್ದೀನಿ ಅಂತ ಸ್ವಾಮಿ ಮುಂದೆ ನೀವೇ ಹೇಳಿ. ಕಾಣಿಕೆ ಹಾಕಿ."

ಶಾಲೆಯಲ್ಲಿ ಮೂಢನಂಬಿಕೆಯ ಬಗ್ಗೆ ಭಾಷಣ ಮಾಡುವ ನಾನು ಆಂಜನೇಯನ ಮುಂದೆ ಕೈಜೋಡಿಸಿ, ನಾನು ಹಾಕಿಸಿದ ಆಣೆ ಬಿಟ್ಟಿದ್ದೇನೆ, ತಪ್ಪಾಯಿತು ಎಂದೆ. ಹೇಳಿದ್ದು ದೇವರಿಗೆ. ಕೇಳಿಸಬೇಕಿದ್ದದ್ದು ಅತ್ತೆಗೆ. ಇಷ್ಟು ದಿನ ನಾನು ಅವರ ಮುಂದೆ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಪೂಜಾರಿ ಅತ್ತೆಗೂ ಮಗಳಿಗೂ ತೀರ್ಥ ಕೊಟ್ಟು, "ಆಯ್ತು, ಇನ್ನು ಉಣ್ಣವ್ವ," ಎಂದರು.

ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಎದುರು ಮನೆಯಾಕೆ ನುಗ್ಗೆ ಸೊಪ್ಪಿನ ಪಲ್ಯ ಮಾಡಿ ತಂದಿದ್ದಳು. ಮೊದಲ ತುತ್ತನ್ನು ಮಗಳೇ ಅಜ್ಜಿಯ ಬಾಯಿಗಿಟ್ಟಳು. ಅತ್ತೆ ಅಗಿದು, ಕಣ್ಣು ಮುಚ್ಚಿ, "ಉಪ್ಪು ಕಮ್ಮಿಯಾಯ್ತು ಕಣೇ," ಎಂದು ಎದುರು ಮನೆಯಾಕೆಗೆ ಹೇಳಿದರು.

ಊಟವಾದ ಮೇಲೆ ನಾವಿಬ್ಬರೇ ಹೊಳೆಯ ಹತ್ತಿರ ಕೂತಿದ್ದೆವು. ಅವರೇ ಮಾತು ತೆಗೆದರು.

"ನಿನ್ ಮೇಲೆ ಕ್ವಾಪ ಇಲ್ಲ ಮಗಾ. ನೀನು ನನ್ ಉಳಿಸ್ಬೇಕು ಅಂತ್ಲೇ ಮಾಡಿದ್ದು. ಆದ್ರೆ ನೀನು ಏಳ್ತಿದ್ದೆ, ಕೇಳ್ತಿರ್ನಿಲ್ಲ. ಒಂದ್ ದಿನ ನನ್ನೂ ಕೇಳಿದ್ರೆ, ಉಂಡ್ಬುಡ್ತಿದ್ದೀನಿ ಕಣವ್ವ ಅಂತ ಏಳ್ಬುಡ್ತಿದ್ದೆ."

 ಕಾಳಜಿ ಎಂದು ನಾನು ಕರೆದುಕೊಂಡಿದ್ದರಲ್ಲಿ ಎಷ್ಟು ಭಾಗ ಭಯ, ಎಷ್ಟು ಭಾಗ ಗೆಲ್ಲಬೇಕೆಂಬ ಹಟ ಎಂದು ಅವತ್ತಿನಿಂದ ಬಹಳ ಸಲ ಯೋಚಿಸಿದ್ದೇನೆ. ಸುಲಭಕ್ಕೆ ಬೇರ್ಪಡುವುದಿಲ್ಲ. ಯಾರ ಮೈಯ ಬಗ್ಗೆ ನಾವು ಮಾತಾಡುತ್ತಿದ್ದೇವೋ ಅವರನ್ನೇ ಬಿಟ್ಟು ಮಾತಾಡುವುದು ಎಷ್ಟು ಸಲೀಸು! ಬೇಡ ಎನ್ನುವುದು ಒಂದೇ ಪದ, ಹೇಳಿ ಮುಗಿಸಬಹುದು. ಇಷ್ಟು ಎನ್ನಬೇಕಾದರೆ ದಿನಾ ಪಕ್ಕದಲ್ಲಿ ಕೂತು ನೋಡಬೇಕು.

ಅಲ್ಲಿಂದಾಚೆಗೆ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಬಟ್ಟಲು ಅತ್ತೆಯದೇ ಆಯಿತು. ದಿನಾ ಮಧ್ಯಾಹ್ನ ಆ ಬಟ್ಟಲಿನಷ್ಟು ಬೆಂದ ಸೊಪ್ಪು, ಹೆಚ್ಚಿಲ್ಲ, ಕಮ್ಮಿಯಿಲ್ಲ. ಮೊದಲು ಎರಡು ತಿಂಗಳು ವಾರಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಆ ಬಟ್ಟಲಿಗೆ ತಕ್ಕಂತೆ ಮಾತ್ರೆಯನ್ನು ಕೂರಿಸಿದರು. ಬೇಸಗೆಯಲ್ಲಿ ಸೊಪ್ಪು ಸಿಗದೆ ಎರಡು ದಿನ ತಪ್ಪಿದರೆ ಅತ್ತೆಯೇ ನೆನಪಿಟ್ಟು ವೈದ್ಯೆಗೆ ಹೇಳುತ್ತಾರೆ. ಹಬ್ಬದ ಬಾಡೂಟದ ದಿನವೂ ಬಟ್ಟಲು ತಪ್ಪುವುದಿಲ್ಲ. ನೆಂಟರು ನಗುತ್ತಾರೆ, ಇವರು ಲಕ್ಷ್ಯ ಮಾಡುವುದಿಲ್ಲ. ಮೂಗಿನಲ್ಲಿ ಮತ್ತೆ ರಕ್ತ ಬಂದಿಲ್ಲ.

ಈಗ ಎರಡು ವರ್ಷದಿಂದ ಪರೀಕ್ಷೆಗೆ ನಾನು ಹೋಗುವುದನ್ನು ನಿಲ್ಲಿಸಿದ್ದೇನೆ. ಅತ್ತೆಯೇ ಬೇಡವೆಂದರು. ಎದುರು ಮನೆಯಾಕೆಯ ಜೊತೆ ಬೆಳಗಿನ ಬಸ್ಸಿಗೆ ಮಂಡ್ಯಕ್ಕೆ ಹೋಗಿ, ರಕ್ತ ಕೊಟ್ಟು, ವೈದ್ಯೆಯ ಹತ್ತಿರ ತಾವೇ ಮಾತಾಡಿ, ಮಾರುಕಟ್ಟೆ ಸುತ್ತಿಕೊಂಡು ಬರುತ್ತಾರೆ. ಹೋದ ವಾರವೂ ಹೋಗಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಪೇಪರು ತಿದ್ದುತ್ತಿದ್ದಾಗ ಫೋನ್ ಬಂತು. ಹಿಂದೆ ಬಸ್ ಸ್ಟ್ಯಾಂಡಿನ ಗದ್ದಲ ಕೇಳಿಸುತ್ತಿತ್ತು.

"ಬಂತು ಕಣ್ ಮಗಾ, ಎಲ್ಡ್ ಮುಕ್ಕಾಲು. ಮಾತ್ರೆ ಅದೇ ಇರ್ಲಿ ಅಂದ್ರು," ಎಂದರು. ಆಮೇಲೆ ನನ್ನ ಉತ್ತರಕ್ಕೂ ಕಾಯದೆ, "ಇಲ್ಲಿ ಎಳೇ ಕೀರೆ ಸೊಪ್ಪು ಬಂದದೆ. ತಕ್ಕೊಂಡ್ ಬತ್ತೀನಿ, ನೀನು ಬಂದ್ ಬ್ಯಾಳೆ ಬೇಯಾಕು. ಬಸ್ಸು ಬಂತು, ಇಟ್ಟೆ," ಎಂದು ಫೋನ್ ಇಟ್ಟರು.